ಸೋಯಾಬೀನ್ ಮೊಳೆಯದಿದ್ದರೆ ತಪ್ಪು ಯಾರದು?

ಮಕ್ಕಳೇ, ಮುಂಗಾರು ಮಳೆಗೆ ಹೊಲ ಹದವಾದೊಡನೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ರೈತರು ಸೋಯಾಬೀನ್ ಬಿತ್ತುತ್ತಾರೆ. ಸುಮಾರು ಒಂದು ವಾರದಲ್ಲಿ ಸಸಿ ಕಾಣಬೇಕು. ಕೆಲವು ಹೊಲಗಳಲ್ಲಿ ಸಾಲು ತುಂಬುವುದೇ ಇಲ್ಲ. ಆಗ ‘ಬೀಜ ಕಳಪೆ’ ಎಂದುಬಿಡುತ್ತೇವೆ. ನಿಜವಿರಬಹುದು. ಆದರೆ ಪರೀಕ್ಷಿಸದೆ ಹೇಳಿದರೆ ಅದು ಬರೀ ಊಹೆ.

ಸೋಯಾಬೀನ್ ಬಹಳ ನಾಜೂಕಿನ ಬೀಜ. ಇದರ ಸಿಪ್ಪೆ ತೆಳು. ಬೇರಾಗುವ ಭಾಗ ಸಿಪ್ಪೆಯ ಕೆಳಗೇ ಇರುತ್ತದೆ. ಯಂತ್ರದಲ್ಲಿ ಜೋರಾಗಿ ಒಕ್ಕಿದರೆ, ಚೀಲ ಎತ್ತಿ ಎಸೆದರೆ ಅದಕ್ಕೆ ಪೆಟ್ಟು. ತೇವದಲ್ಲಿಟ್ಟರೆ ಜೀವಶಕ್ತಿ ಬೇಗ ಕುಂದುತ್ತದೆ. ಪ್ರಮಾಣಿತ ಬೀಜದಲ್ಲೂ 100ಕ್ಕೆ ಕನಿಷ್ಠ 70 ಮೊಳೆತರೆ ಸಾಕೆಂಬುದು ನಿಯಮ.

ಇನ್ನು ಮಣ್ಣು. ಅದರಲ್ಲಿ ರೈಜೋಕ್ಟೋನಿಯಾ, ಸ್ಕ್ಲೆರೋಷಿಯಂನಂಥ ಶಿಲೀಂಧ್ರಗಳಿರುತ್ತವೆ. ಇವು ಬೀಜವನ್ನು ನೆಲದೊಳಗೇ ಕೊಳೆಸುತ್ತವೆ, ಇಲ್ಲವೇ ಎದ್ದ ಸಸಿಯ ಬುಡವನ್ನು ತಿನ್ನುತ್ತವೆ. ಪೆಟ್ಟಾದ ಬೀಜದಿಂದ ಸಕ್ಕರೆ ಅಂಶ ಸೋರುತ್ತದೆ. ಅದೇ ಶಿಲೀಂಧ್ರಕ್ಕೆ ಆಹಾರ! ಹೀಗೆ ಬೀಜದ ದೋಷವೂ ಮಣ್ಣಿನ ರೋಗವೂ ಕೈಜೋಡಿಸುತ್ತವೆ.

ಕಾರಣ ತಿಳಿಯದೆ ಮತ್ತೆ ಬೀಜ ಕೊಂಡು ಅದೇ ರೋಗದ ಮಣ್ಣಿಗೆ ಹಾಕಿದರೆ ಹಣವೂ ಹದವೂ ಎರಡೂ ಹೋದವು. ಆದ್ದರಿಂದ ಬಿತ್ತನೆಗೆ ಮೊದಲು ಪ್ರತಿ ಶಾಲೆಯೂ ಊರಿನ ಬೀಜವನ್ನು ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ. ಶಾಲೆ ತೆರೆಯುವುದೂ ಬಿತ್ತನೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗಲ್ಲವೇ?

ಮನೆಯಲ್ಲಿ ಉಳಿಸಿಕೊಂಡ ಬೀಜವನ್ನೇ ತನ್ನಿ. ಔಷಧ ಲೇಪಿಸಿದ ಬಣ್ಣದ ಬೀಜ ಮುಟ್ಟಬೇಡಿ. 100 ಬೀಜಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಡಿ. ಹೊಲದ ಮಣ್ಣು ತುಂಬಿದ ಒಂದು ಕುಂಡದಲ್ಲಿ 50 ಬೀಜ ಊರಿ. ಅದೇ ಮಣ್ಣನ್ನು ಗುರುಗಳು ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಆರಿಸಿಕೊಡಲಿ. ಇನ್ನೊಂದು ಕುಂಡದಲ್ಲಿ ಅದನ್ನು ತುಂಬಿ 50 ಬೀಜ ಊರಿ. ನೀರು, ಆಳ, ಬಿಸಿಲು ಎರಡಕ್ಕೂ ಒಂದೇ ಇರಲಿ. ವಾರದ ಮೇಲೆ ಎಣಿಸಿ.

ಗೋಣಿಯಲ್ಲೇ ಮೊಳಕೆ ಕಡಿಮೆಯಾದರೆ ದೋಷ ಬೀಜದ್ದು. ಗೋಣಿಯಲ್ಲೂ ಬೇಯಿಸಿದ ಮಣ್ಣಿನಲ್ಲೂ ಚೆನ್ನಾಗಿ ಬಂದು, ಹೊಲದ ಮಣ್ಣಿನಲ್ಲಿ ಸೋತರೆ ಮಣ್ಣಿನ ರೋಗವನ್ನು ಶಂಕಿಸಬೇಕು. ಆಗ ಟ್ರೈಕೋಡರ್ಮದಿಂದ ಬೀಜೋಪಚಾರ ಮಾಡುವ ಬಗೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವಂತೆ ಅಪ್ಪನಿಗೆ ಹೇಳಿ. ನೀರು ನಿಲ್ಲದಂತೆ ಬಸಿಗಾಲುವೆಯೂ ಬೇಕು.

ನಿಮ್ಮ ಎಣಿಕೆಯ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿ. ಬಿತ್ತುವ ಮುನ್ನ ಊರವರು ಅದನ್ನು ಓದಲಿ.