ಗುಡ್ಡ ತಾನಾಗಿ ಜಾರಲಿಲ್ಲ

ಮೊನ್ನೆ ಮಗನೊಡನೆ ಕಾರಿನಲ್ಲಿ ಕುಂದಾಪುರದಿಂದ ಕಾರವಾರಕ್ಕೆ ಹೋಗಿಬಂದೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಸಾಗುವ ಈ ಹೆದ್ದಾರಿ ನನ್ನ ಪ್ರಾಯದವರಿಗೆ ಇಂದಿಗೂ ಹದಿನೇಳನೆಯ ನಂಬರಿನದು. 2010ರಲ್ಲಿ ಅದರ ಸಂಖ್ಯೆ 66 ಆಯಿತು. ಮೊದಲೇ ಹೇಳಿಬಿಡುತ್ತೇನೆ, ನಾನು ಅಗಲ ರಸ್ತೆಯ ವಿರೋಧಿಯಲ್ಲ. ಹೊಳೆಗಳನ್ನು ತಾರಿಯಲ್ಲಿ ದಾಟಿದ ಬಾಲ್ಯ ನನ್ನದು. ಸೇತುವೆಯ ಬೆಲೆಯನ್ನು ಬಲ್ಲೆ.

ಕುಮಟಾ ದಾಟಿ ಅಂಕೋಲಾ ತಾಲೂಕಿನ ಶಿರೂರು ಬಂದಾಗ ಮಗನಿಗೆ ನಿಧಾನಿಸಲು ಹೇಳಿದೆ. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿಯೇ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ಗಂಗಾವಳಿಯ ಪಾಲು ಮಾಡಿತು. ಚಿಮ್ಮಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ಇದನ್ನು ಎಲ್ಲರೂ "ಪ್ರಕೃತಿ ವಿಕೋಪ" ಎಂದು ಕರೆದರು. ಈ ಮಾತಿಗೆ ನನ್ನ ತಕರಾರಿದೆ.

ನನ್ನ ವಿಜ್ಞಾನ ತರಗತಿಯಲ್ಲಿ ಮೇಜಿನ ಮೇಲೆ ಒಣ ಮರಳು ಸುರಿದದ್ದು ನಿಮಗೆ ನೆನಪಿರಬಹುದು. ರಾಶಿ ಸುಮಾರು 35 ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲುತ್ತಿತ್ತು. ಬುಡವನ್ನು ಬೆರಳಿನಿಂದ ಕೆರೆದೊಡನೆ ಮೇಲಿನದು ಜಾರುತ್ತಿತ್ತು. ಗುಡ್ಡದ ಮಣ್ಣಿಗೆ ಮರಳಿಗಿಂತ ಬಿಗುವು ಹೆಚ್ಚು, ನಿಜ. ಆದರೆ ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲಿದ್ದರೆ ಅದರಡಿಯಲ್ಲಿ ಅನೇಕ ಕಡೆ ಶೇಡಿ ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತಿರುವ ಅದು ನೀರು ಕುಡಿದರೆ ಅಂಬಲಿ. ಬಾವಿ ತೋಡುವವರಿಗೆಲ್ಲ ಗೊತ್ತಿರುವ ಸಂಗತಿಯಿದು. ಇಂಥ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು, ನೀರು ಹರಿದುಹೋಗಲು ದಾರಿಯನ್ನೂ ಬಿಡದಿದ್ದರೆ ಏನಾದೀತು? ಮಳೆ ಕಾರಣವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆಷಾಢದ ಮಳೆ ಕರಾವಳಿಗೆ ಅನಿರೀಕ್ಷಿತ ಅತಿಥಿಯೇ?

"ಸರ್, ಅಭಿವೃದ್ಧಿಗೆ ಅಡ್ಡಗಾಲು ಹಾಕಬೇಡಿ" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ನಕ್ಕ. ಅವನಿಗೆ ಕೊಂಕಣ ರೈಲ್ವೆಯನ್ನು ನೆನಪಿಸಿದೆ. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟ ರೈಲು ವೈಭವವಾಡಿಯ ಬಳಿ ಕುಸಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂದು ಆ ಮಾರ್ಗದಲ್ಲಿ ಬಂಡೆ ತಡೆಯುವ ಉಕ್ಕಿನ ಬಲೆಗಳಿವೆ, ಹಳಿಯುದ್ದಕ್ಕೂ ಗಸ್ತು ತಿರುಗುವವರಿದ್ದಾರೆ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ವೇಗವೂ ಕಡಿಮೆ. ಅದೇ ಮಣ್ಣು, ಅದೇ ಮಳೆ. ರೈಲು ಕಲಿತ ಪಾಠವನ್ನು ರಸ್ತೆ ಏಕೆ ಕಲಿಯಬಾರದು?

ಗುಡ್ಡವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿಯಲಿ. ನೆತ್ತಿಯ ನೀರಿಗೆ ಚರಂಡಿ ತೋಡಲಿ. ಮಳೆ ಮಿತಿಮೀರಿದ ದಿನ ಅಪಾಯದ ತಿರುವುಗಳಲ್ಲಿ ವಾಹನ ನಿಲ್ಲಿಸಲಿ. ಇದಕ್ಕೆ ಹಣ, ಭೂಮಿ, ಸಮಯ ಹೆಚ್ಚು ಬೇಕು, ಒಪ್ಪುತ್ತೇನೆ. ಆದರೆ ಉಳಿಸಿದ ಆ ಹಣವನ್ನು ಕೊನೆಗೆ ತೆತ್ತವರು ಚಹಾ ಮಾರುತ್ತಿದ್ದವರು.

ನಿಮ್ಮಲ್ಲಿ ಹಲವರು ಇಂದು ಇಂಜಿನಿಯರರು, ಗುತ್ತಿಗೆದಾರರು. ಕಡಿದ ಗುಡ್ಡದ ನಕ್ಷೆಗೆ ಸಹಿ ಹಾಕುವ ಮುನ್ನ ಒಂದು ಹಿಡಿ ಮರಳನ್ನು ಮೇಜಿನ ಮೇಲೆ ಸುರಿದು ನೋಡಿ. ನಿಮ್ಮ ಮೇಷ್ಟ್ರು ಕೇಳುವ ಗುರುದಕ್ಷಿಣೆ ಇಷ್ಟೇ.