ವೃಕೋದರನಿಗೆ ಪಥ್ಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1960ರ ದಶಕದಲ್ಲಿ ಒಂದು ಬಗೆಯ ಮೋಟಾರು ಕಾರುಗಳು ಹುಟ್ಟಿ, ಸುಮಾರು ಹತ್ತು ವರ್ಷಗಳ ಕಾಲ ಮೆರೆದು ಮರೆಯಾದುವು. ನಡುಗಾತ್ರದ ಸಾಧಾರಣ ಕಾರಿನ ಒಡಲಿನಲ್ಲಿ ದೊಡ್ಡ ಕಾರಿನ ಎಂಜಿನನ್ನು ಕೂರಿಸುವುದೇ ಇವುಗಳ ಹಿಂದಿದ್ದ ಯುಕ್ತಿ. ಪಾಂಟಿಯಾಕ್ ಕಂಪೆನಿಯು 1964ರಲ್ಲಿ ಹೊರತಂದ ಜಿ.ಟಿ.ಓ. ಎಂಬ ಕಾರನ್ನು ಈ ಕುಲದ ಮೂಲಪುರುಷನೆಂದು ಹಲವರು ಎಣಿಸುತ್ತಾರೆ. ಅದರ ಎಂಟು ಸಿಲಿಂಡರುಗಳ ಒಟ್ಟು ಗಾತ್ರ 389 ಘನ ಅಂಗುಲ, ಎಂದರೆ ಸುಮಾರು 6.4 ಲೀಟರು. ಅದರ ಸಾಮರ್ಥ್ಯ 325 ಅಶ್ವಶಕ್ತಿ. ಮೂರು ಕಾರ್ಬ್ಯುರೇಟರುಗಳನ್ನು ಸಾಲಾಗಿ ಜೋಡಿಸಿದ ಮಾದರಿಯಲ್ಲಿ 348. ಜನರು ಇಂಥವನ್ನು ಮಸಲ್ ಕಾರುಗಳೆಂದು ಕರೆದರು. ಮಹಾಭಾರತವನ್ನು ಬಲ್ಲ ನಾವಾಗಿದ್ದರೆ ಭೀಮಸೇನನ ಹೆಸರನ್ನೇ ಇಡುತ್ತಿದ್ದೆವೇನೊ. ಬಲದಲ್ಲಿಯೂ ಹಸಿವಿನಲ್ಲಿಯೂ ಹೋಲಿಕೆ ಅಷ್ಟು ಚೆನ್ನಾಗಿದೆ. ಒಂದು ಅಮೆರಿಕನ್ ಗ್ಯಾಲನ್, ಎಂದರೆ 3.785 ಲೀಟರು ಪೆಟ್ರೋಲಿಗೆ ಹತ್ತು ಹನ್ನೆರಡು ಮೈಲಿ ಓಡುವುದು ಇವುಗಳಲ್ಲಿ ಸಾಮಾನ್ಯ. ನಮ್ಮ ರೂಢಿಯ ಲೆಕ್ಕದಲ್ಲಿ ಇದು ಲೀಟರಿಗೆ ನಾಲ್ಕೈದು ಕಿಲೋಮೀಟರು.

1973ರ ಎಣ್ಣೆಯ ಬಿಕ್ಕಟ್ಟು ಬಂದೊದಗಿದಾಗ ಇಂಥ ಕಾರುಗಳ ಕಾಲ ಮುಗಿಯಿತು. ಆದರೆ ಉಳಿದ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಕಾಪಾಡುವವರು ಅಲ್ಲಿ ಬಹಳ ಮಂದಿ ಇದ್ದಾರೆ. ಇವುಗಳ ಮೈಲೇಜನ್ನು ಹೆಚ್ಚಿಸಬಹುದೆ ಎಂದು ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. "ಇಂಥ ಗಾಡಿ ಇಟ್ಟವನಿಗೆ ಪೆಟ್ರೋಲಿನ ಚಿಂತೆ ಏಕೆ?" ಎಂದು ನಗುವುದು ಒಂದು. ಪೆಟ್ರೋಲ್ ಕೊಳವೆಗೆ ಅಯಸ್ಕಾಂತವನ್ನು ಕಟ್ಟಿ, ಗಾಳಿಯನ್ನು ಸುರುಳಿ ತಿರುಗಿಸುವ ಬಿಲ್ಲೆಯನ್ನು ಕೂರಿಸಿ, ಖರ್ಚು ಅರ್ಧಕ್ಕಿಳಿಯಿತೆಂದು ಸಾರುವುದು ಇನ್ನೊಂದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಮೊದಲನೆಯವರು ಲೆಕ್ಕ ಮಾಡಲೇ ಇಲ್ಲ. ಎರಡನೆಯವರು ಲೆಕ್ಕ ಮಾಡಿದರೆ ವ್ಯಾಪಾರ ನಿಲ್ಲುತ್ತದೆ.

ನಗುವವರ ಲೆಕ್ಕವನ್ನು ಮೊದಲು ನೋಡೋಣ. ಗ್ಯಾಲನ್ನಿಗೆ 10 ಮೈಲಿ ಕೊಡುತ್ತಿದ್ದ ಕಾರನ್ನು ಸರಿಪಡಿಸಿ 12 ಮೈಲಿಗೆ ಏರಿಸಿದೆವೆನ್ನಿ. ಇನ್ನೊಬ್ಬನು 30 ಮೈಲಿ ಕೊಡುವ ಚಿಕ್ಕ ಕಾರನ್ನು ಮಾರಿ 40 ಮೈಲಿಯ ಕಾರನ್ನು ಕೊಂಡನೆನ್ನಿ. ಹೆಚ್ಚು ಉಳಿಸಿದವರಾರು? ನೂರು ಮೈಲಿಯ ಪ್ರಯಾಣಕ್ಕೆ ನಮ್ಮ ಕಾರು ಮೊದಲು 10 ಗ್ಯಾಲನ್ ಕುಡಿಯುತ್ತಿತ್ತು, ಈಗ 8.33, ಉಳಿದದ್ದು 1.67 ಗ್ಯಾಲನ್. ಅವನ ಖರ್ಚು 3.33ರಿಂದ 2.5ಕ್ಕೆ ಇಳಿಯಿತು; ಉಳಿದದ್ದು 0.83 ಗ್ಯಾಲನ್ ಮಾತ್ರ. ಎರಡು ಮೈಲಿಯ ಏರಿಕೆಯು ಹತ್ತು ಮೈಲಿಯ ಏರಿಕೆಗಿಂತ ಇಮ್ಮಡಿ ಉಳಿಸಿತು! ಗ್ಯಾಲನ್ನಿಗೆ ಎಷ್ಟು ಮೈಲಿ ಎಂಬ ಅಳತೆಯೇ ನಮ್ಮ ಮನಸ್ಸನ್ನು ಹೀಗೆ ದಾರಿ ತಪ್ಪಿಸುತ್ತದೆಂಬುದನ್ನು ಡ್ಯೂಕ್ ವಿಶ್ವವಿದ್ಯಾನಿಲಯದ ಲ್ಯಾರಿಕ್ ಮತ್ತು ಸೋಲ್ ಎಂಬ ವಿದ್ವಾಂಸರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಹೆಚ್ಚು ತಿನ್ನುವವನ ತಟ್ಟೆಯಿಂದಲೇ ಹೆಚ್ಚು ಉಳಿಸಲು ಸಾಧ್ಯ. ವರ್ಷಕ್ಕೆ ಸಾವಿರ ಮೈಲಿ ಮಾತ್ರ ಓಡುವ ಹವ್ಯಾಸದ ಕಾರು 16 ಅಥವಾ 17 ಗ್ಯಾಲನ್ ಉಳಿಸಿದರೆ ಜಗತ್ತಿನ ಎಣ್ಣೆಯ ಸಮಸ್ಯೆ ಬಗೆಹರಿಯದು, ನಿಜ. ಆದರೆ ನಗುವುದಕ್ಕೂ ಅಲ್ಲಿ ಕಾರಣವಿಲ್ಲ.

ಇನ್ನು ಪವಾಡದವರ ಲೆಕ್ಕ. 1930ರ ದಶಕದಲ್ಲಿ ಕೆನಡಾದ ಚಾರ್ಲ್ಸ್ ನೆಲ್ಸನ್ ಪೋಗ್ ಎಂಬಾತನು ಪೆಟ್ರೋಲನ್ನು ಪೂರ್ಣವಾಗಿ ಆವಿಯಾಗಿಸುವ ಕಾರ್ಬ್ಯುರೇಟರಿಗೆ ಹಕ್ಕುಪತ್ರಗಳನ್ನು ಪಡೆದನು. ಅದರಿಂದ ಗ್ಯಾಲನ್ನಿಗೆ 200 ಮೈಲಿ ಓಡಬಹುದೆಂಬ ಸುದ್ದಿ ಹಬ್ಬಿತು. ಎಣ್ಣೆಯ ಕಂಪೆನಿಗಳು ಅದನ್ನು ಅಡಗಿಸಿಟ್ಟಿವೆಯೆಂಬ ಕಥೆ ಇನ್ನೂ ಸತ್ತಿಲ್ಲ. ಈ ಮಾತು ನಮ್ಮ ಜಿ.ಟಿ.ಓ.ಗೆ ಸಲ್ಲುವುದೇ ಎಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಯೂ ಒರೆಗೆ ಹಚ್ಚಬಹುದು. ಗಂಟೆಗೆ 60 ಮೈಲಿ ವೇಗದಲ್ಲಿ ಸಮತಟ್ಟಾದ ರಸ್ತೆಯ ಮೇಲೆ ಅಂಥ ಕಾರು ಹೋಗುವಾಗ ಗಾಳಿಯ ತಡೆ ಮತ್ತು ಟೈರುಗಳ ಎಳೆತವನ್ನು ಮೀರಲು ಸುಮಾರು 18 ಕಿಲೋವಾಟ್, ಎಂದರೆ 24 ಅಶ್ವಶಕ್ತಿ ಬೇಕೆಂದು ಅಂದಾಜು ಮಾಡಬಹುದು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 33.7 ಕಿಲೋವಾಟ್ ಗಂಟೆ. ಅದರ ಕಣಕಣವೂ ಚಕ್ರಕ್ಕೆ ತಲುಪಿತೆಂದು ಭಾವಿಸಿದರೂ ಕಾರು ಓಡುವುದು 112 ಮೈಲಿ. ಉಷ್ಣವನ್ನು ಕೆಲಸವಾಗಿ ಮಾರ್ಪಡಿಸುವ ಯಾವ ಯಂತ್ರವೂ ನೂರಕ್ಕೆ ನೂರು ಫಲ ಕೊಡಲಾರದೆಂಬುದು ಕಾರ್ನೋ ಕಾಲದಿಂದ ತಿಳಿದ ಸಂಗತಿ. ನೂರಕ್ಕೆ 20ರಷ್ಟು ದಕ್ಕಿದರೆ 22 ಮೈಲಿ, 15ರಷ್ಟಾದರೆ 17 ಮೈಲಿ. ನಾವು ಆಸೆಪಡಬಹುದಾದ ಬಯಲು ಇಷ್ಟೇ. ನಗರದಲ್ಲಿ ನಿಂತು ನಿಂತು ಹೋಗುವಾಗ ಅದೂ ಕುಗ್ಗುತ್ತದೆ. ಇಂಧನ ಉಳಿಸುವುವೆಂದು ಮಾರಾಟವಾದ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಪರಿಶೀಲಿಸಿ, ಹೇಳಿಕೊಳ್ಳುವಂಥ ಉಳಿತಾಯವನ್ನು ಕಾಣಲಿಲ್ಲ. ಅದೇ ಅಯಸ್ಕಾಂತಗಳು ನಮ್ಮ ದೇಶದಲ್ಲಿಯೂ ಮಾರಾಟವಾಗುತ್ತಿರುವುದರಿಂದ ಈ ಮಾತನ್ನು ವಾಚಕರು ನೆನಪಿಡಬೇಕು.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಗುಟ್ಟು ಇದೆ. 325 ಅಶ್ವಶಕ್ತಿಯ ಯಂತ್ರಕ್ಕೆ ಹೆದ್ದಾರಿಯಲ್ಲಿ ಬೀಳುವ ಕೆಲಸ 24 ಅಶ್ವಶಕ್ತಿಯದು. ಬಕಾಸುರನನ್ನು ಕೊಲ್ಲಬಲ್ಲ ಭೀಮನನ್ನು ಒಂದು ಬಿಂದಿಗೆ ನೀರು ತರಲು ಕಳುಹಿಸಿದಂತೆ. ಆಗ ಥ್ರಾಟಲ್ ಕವಾಟವು ಬಹುಪಾಲು ಮುಚ್ಚಿರುತ್ತದೆ. ಎಂಟು ಪಿಸ್ಟನುಗಳೂ ಮುಚ್ಚಿದ ಬಾಗಿಲಿನ ಸಂದಿಯಿಂದ ಉಸಿರೆಳೆದುಕೊಳ್ಳುತ್ತ ತಮ್ಮ ಶ್ರಮದ ಒಂದು ಪಾಲನ್ನು ಅದಕ್ಕೇ ವ್ಯಯಿಸುತ್ತವೆ. ದೊಡ್ಡ ಎಂಜಿನ್ ಚಿಕ್ಕ ಕೆಲಸದಲ್ಲಿ ದುಂದುಗಾರನಾಗುವುದಕ್ಕೆ ಇದು ಮುಖ್ಯ ಕಾರಣ. ಇದನ್ನು ಪೂರ್ತಿ ಕಳೆಯಲಾಗದು. ಆದರೆ ಎಂಜಿನ್ ಮೆಲ್ಲನೆ ತಿರುಗಿದಷ್ಟೂ ಈ ನಷ್ಟ ಕಡಿಮೆ. ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಪ್ರಮಾಣ 3.90 ಇದ್ದಲ್ಲಿ 3.08ರದನ್ನು ಹಾಕಿದರೆ, 60 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 3,000 ಸುತ್ತುತ್ತಿದ್ದ ಎಂಜಿನ್ 2,400ಕ್ಕೆ ಇಳಿಯುತ್ತದೆ. ಚಿಮ್ಮುವ ಗುಣ ತುಸು ತಗ್ಗುವುದನ್ನು ಮಾಲೀಕನು ಸಹಿಸಬೇಕು.

ಈಗ ಕಾರ್ಬ್ಯುರೇಟರಿಗೆ ಬರೋಣ. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬರುವ ತನಕ ನಮ್ಮ ಸ್ಕೂಟರು ಮೋಟಾರ್ ಸೈಕಲುಗಳಲ್ಲಿ ಹೆಚ್ಚಿನವಕ್ಕೆ ಇದೇ ಆಧಾರವಾಗಿತ್ತು. ಚಳಿಯ ಬೆಳಗಿನಲ್ಲಿ ಚೋಕ್ ಎಳೆದವರಿಗೆ ಇದರ ಪರಿಚಯವಿದೆ. ಗಾಳಿಯು ಇರುಕಾದ ಕೊರಳೊಂದರಲ್ಲಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಆ ಕುಗ್ಗಿದ ಒತ್ತಡಕ್ಕೆ ಸೆಳೆಯಲ್ಪಟ್ಟ ಪೆಟ್ರೋಲು, ಜೆಟ್ ಎಂಬ ಸಣ್ಣ ರಂಧ್ರದ ಹಿತ್ತಾಳೆಯ ತುಂಡಿನ ಮೂಲಕ ಹಾದುಬಂದು ಗಾಳಿಯೊಡನೆ ಬೆರೆಯುತ್ತದೆ. ಒಂದು ತೂಕ ಪೆಟ್ರೋಲು ಉಳಿಕೆಯಿಲ್ಲದೆ ಉರಿಯಲು 14.7 ತೂಕ ಗಾಳಿ ಬೇಕು. ಆದರೆ ಅತಿ ಹೆಚ್ಚು ಬಲ ಬೇಕಾದಾಗ ಗಾಳಿ 12.5 ಅಥವಾ 13ರಷ್ಟಿರುವ ದಟ್ಟ ಮಿಶ್ರಣವೇ ಮೇಲು. ಉಳಿತಾಯ ಬೇಕಾದಾಗ ಗಾಳಿ 16ರ ಆಸುಪಾಸಿನಲ್ಲಿರುವ ತೆಳು ಮಿಶ್ರಣ ಬೇಕು. ಒಂದೇ ಕಾರ್ಬ್ಯುರೇಟರು ಎರಡನ್ನೂ ಒದಗಿಸುವುದು ಹೇಗೆ? ಹಳೆಯ ಎಂಜಿನಿಯರುಗಳು ಇದಕ್ಕೆ ಎಂಜಿನ್ನಿನ ಉಸಿರನ್ನೇ ದೂತನನ್ನಾಗಿ ಮಾಡಿಕೊಂಡರು. ಥ್ರಾಟಲ್ ಕವಾಟದ ಕೆಳಗೆ, ಹಗುರವಾಗಿ ಓಡುವಾಗ ನಿರ್ವಾತವು ಪಾದರಸದ 15ರಿಂದ 18 ಅಂಗುಲದಷ್ಟಿರುತ್ತದೆ. ಕವಾಟ ಪೂರ್ತಿ ತೆರೆದರೆ ಸೊನ್ನೆಯ ಸಮೀಪಕ್ಕೆ ಬೀಳುತ್ತದೆ. ಜನರಲ್ ಮೋಟಾರ್ಸ್ ಕಾರುಗಳಲ್ಲಿ 1965ರಿಂದ ಬಂದ ರಾಚೆಸ್ಟರ್ ಕ್ವಾಡ್ರಾಜೆಟ್‌ನಲ್ಲಿ ಈ ನಿರ್ವಾತವು ಎರಡು ಸಣ್ಣ ಸೂಜಿಗಳನ್ನು ಕೆಳಗೆ ಸೆಳೆದು ಜೆಟ್‌ಗಳನ್ನು ಕಿರಿದುಗೊಳಿಸುತ್ತದೆ. ನಿರ್ವಾತ ಬಿದ್ದೊಡನೆ ಸ್ಪ್ರಿಂಗು ಸೂಜಿಗಳನ್ನು ಮೇಲೆತ್ತುತ್ತದೆ. ಹಾಲಿ ಕಂಪೆನಿಯ ಕಾರ್ಬ್ಯುರೇಟರಿನಲ್ಲಿ ಇದೇ ಕೆಲಸವನ್ನು ಪವರ್ ವಾಲ್ವ್ ಎಂಬ ಪುಟ್ಟ ಕವಾಟ ಮಾಡುತ್ತದೆ. ಅದರ ಮೇಲೆ 65 ಎಂದಿದ್ದರೆ ನಿರ್ವಾತವು 6.5 ಅಂಗುಲಕ್ಕಿಳಿದಾಗ ತೆರೆಯುತ್ತದೆಂದು ಅರ್ಥ. ಸ್ಪ್ರಿಂಗು ಅತಿ ಬಿಗಿಯಾಗಿದ್ದರೆ, ಅಥವಾ ಕವಾಟದ ಪೊರೆ ಹರಿದಿದ್ದರೆ, ಕಾರು ಹೆದ್ದಾರಿಯಲ್ಲಿ ನಿರಾಳವಾಗಿ ಸಾಗುವಾಗಲೂ ಯುದ್ಧಕ್ಕೆ ಹೊರಟವನಂತೆ ಉಣ್ಣುತ್ತಿರುತ್ತದೆ. ಹೊಸ ಕಾರ್ಬ್ಯುರೇಟರನ್ನು ಕೊಳ್ಳುವ ಮೊದಲು ಈ ಅಗ್ಗದ ಭಾಗಗಳನ್ನು ನೋಡಬೇಕು.

ಜೆಟ್ಟಿಗೆ ಗಾಳಿಯ ತೂಕ ತಿಳಿಯದೆಂಬುದನ್ನೂ ಇಲ್ಲಿಯೇ ಹೇಳಬೇಕು. ಸಮುದ್ರಮಟ್ಟದಿಂದ 1,600 ಮೀಟರು ಎತ್ತರದಲ್ಲಿರುವ ಡೆನ್ವರ್ ನಗರದಲ್ಲಿ ಗಾಳಿ ವಿರಳ. ಕರಾವಳಿಯಲ್ಲಿ ಸರಿಯಾಗಿದ್ದ ಜೆಟ್ ಅಲ್ಲಿ ನೂರಕ್ಕೆ ಏಳೆಂಟರಷ್ಟು ಹೆಚ್ಚು ಪೆಟ್ರೋಲನ್ನು ಬೆರೆಸುತ್ತದೆ.

ಆದರೆ ನಮ್ಮ ಮಟ್ಟಿಗೆ ಅತ್ಯಂತ ದೊಡ್ಡ ಸೋರಿಕೆ ಇರುವುದು ಪೆಟ್ರೋಲಿನ ದಾರಿಯಲ್ಲಲ್ಲ, ಕಿಡಿಯ ಹೊತ್ತಿನಲ್ಲಿ. ಸಿಲಿಂಡರಿನೊಳಗಿನ ದಹನವು ಸಿಡಿತವಲ್ಲ. ಕಿಡಿ ಹತ್ತಿದ ಎಡೆಯಿಂದ ಜ್ವಾಲೆಯು ಹರಡಿಕೊಳ್ಳಲು ಸೆಕೆಂಡಿನ ಸಾವಿರದ ಕೆಲವು ಪಾಲು ಹಿಡಿಯುತ್ತದೆ. ನಿಮಿಷಕ್ಕೆ 2,400 ಸುತ್ತಿನ ವೇಗದಲ್ಲಿ, ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಎಂಜಿನ್ನಿನ ದಂಡವು 14 ಡಿಗ್ರಿಗೂ ಹೆಚ್ಚು ತಿರುಗಿಬಿಡುತ್ತದೆ. ಪಿಸ್ಟನ್ ತುತ್ತತುದಿಯನ್ನು ಮುಟ್ಟಿ ಇಳಿಯತೊಡಗಿದ ಸ್ವಲ್ಪದರಲ್ಲಿ ಒತ್ತಡವು ಶಿಖರಕ್ಕೇರಬೇಕಾದರೆ, ಅದು ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಎಷ್ಟು ಮುಂಚೆ? ಪೂರ್ತಿ ತೆರೆದ ಥ್ರಾಟಲಿನಲ್ಲಿ ಸಿಲಿಂಡರು ತುಂಬಿರುವುದರಿಂದ ಜ್ವಾಲೆ ಬೇಗ ಹರಡುತ್ತದೆ. ಬಹುಪಾಲು ಇಂಥ ಎಂಜಿನುಗಳಿಗೆ 34ರಿಂದ 38 ಡಿಗ್ರಿ ಸಾಕು. ಹಗುರ ಓಟದಲ್ಲಿ ಸಿಲಿಂಡರಿನಲ್ಲಿರುವುದು ಅರೆಹೊಟ್ಟೆಯ ತೆಳು ಮಿಶ್ರಣ. ಅದು ಮೆಲ್ಲಗೆ ಉರಿಯುತ್ತದೆ, 45 ಡಿಗ್ರಿಯನ್ನೂ ಮೀರಿ ಕೇಳಬಹುದು. ಈ ಹೆಚ್ಚಿನ 10–15 ಡಿಗ್ರಿಯನ್ನು ಕೊಡಲೆಂದೇ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ, ನಿರ್ವಾತಕ್ಕೆ ಸೆಳೆಯಲ್ಪಡುವ ಪೊರೆಯುಳ್ಳ ಒಂದು ತಗಡಿನ ಡಬ್ಬಿಯಿದೆ.

ಎಷ್ಟೋ ಮಸಲ್ ಕಾರುಗಳಲ್ಲಿ ಈ ಡಬ್ಬಿಯನ್ನು ಕಿತ್ತಿರುತ್ತಾರೆ, ಇಲ್ಲವೆ ಅದರ ರಬ್ಬರ್ ಕೊಳವೆಗೆ ಬಿರಡೆ ಹಾಕಿರುತ್ತಾರೆ. ಏಕೆಂದರೆ ಕಾಲು ಮೈಲಿಯ ಪಂದ್ಯದವರ ಕಾರಿನಲ್ಲಿ ಅದಿಲ್ಲ! ಪಂದ್ಯದಲ್ಲಿ ಥ್ರಾಟಲ್ ಸದಾ ತೆರೆದಿರುವುದರಿಂದ ನಿರ್ವಾತವೇ ಇರದು. ಅಲ್ಲಿ ಡಬ್ಬಿ ನಿರುಪಯೋಗಿ. ದಿನಸಿ ತರಲು ಹೋಗುವ ಕಾರಿಗೆ ಈ ನ್ಯಾಯ ಸಲ್ಲದು. ಕಿಡಿ ತಡವಾದಾಗ ಪಿಸ್ಟನ್ ಇಳಿದು ದೂರ ಹೋದ ಮೇಲೂ ಮಿಶ್ರಣ ಉರಿಯುತ್ತಿರುತ್ತದೆ. ಆ ಉಷ್ಣವು ಚಕ್ರಕ್ಕೆ ಸಲ್ಲದೆ ಹೊಗೆಕೊಳವೆಯನ್ನೂ ರೇಡಿಯೇಟರನ್ನೂ ಕಾಯಿಸುತ್ತದೆ. ಕೊಳವೆಯನ್ನು ಥ್ರಾಟಲ್ ಕವಾಟದ ಕೆಳಗಿನ ರಂಧ್ರಕ್ಕೆ ಸೇರಿಸಬೇಕೊ, ಮೇಲಿನದಕ್ಕೊ ಎಂದು ಹವ್ಯಾಸಿಗಳಲ್ಲಿ ಮುಗಿಯದ ಜಗಳವಿದೆ. ಭೇದವಿರುವುದು ಎಂಜಿನ್ ನಿಂತಲ್ಲೇ ತಿರುಗುವಾಗ ಮಾತ್ರ; ಥ್ರಾಟಲ್ ತೆರೆದು ಕಾರು ಓಡತೊಡಗಿದ ಮೇಲೆ ಎರಡು ಕಡೆಯ ನಿರ್ವಾತವೂ ಹೆಚ್ಚುಕಡಿಮೆ ಒಂದೇ. ಹೆದ್ದಾರಿಯ ಮೈಲೇಜಿನ ಮಟ್ಟಿಗೆ ಇದು ತಲೆ ಒಡೆದುಕೊಳ್ಳಬೇಕಾದ ವಿಷಯವಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಸಂಪೀಡನ ಪ್ರಮಾಣ 10ಕ್ಕಿಂತ ಹೆಚ್ಚಾಗಿದ್ದ ಆ ಎಂಜಿನುಗಳು ಸೀಸ ಬೆರೆತ ಪೆಟ್ರೋಲಿಗಾಗಿ ರಚಿತವಾದುವು. ಅಮೆರಿಕದ ರಸ್ತೆಗಳಲ್ಲಿ ಅದನ್ನು 1996ರಲ್ಲಿ ಪೂರ್ಣವಾಗಿ ನಿಷೇಧಿಸಲಾಯಿತು. ಕಿಡಿಯನ್ನು ಮುಂದೆ ತಂದಾಗ ಏರಿನಲ್ಲಿ ಟಿಣಿಟಿಣಿ ಎಂದು ಲೋಹದ ಸದ್ದು ಕೇಳಿದರೆ ಎರಡು ಡಿಗ್ರಿ ಹಿಂದಕ್ಕೆ ಸರಿಸಬೇಕು; ಆ ಸದ್ದಿನೊಡನೆ ಓಡಿಸುತ್ತ ಹೋದವನು ಪಿಸ್ಟನನ್ನೇ ಕಳೆದುಕೊಳ್ಳುತ್ತಾನೆ.

ಇವೆಲ್ಲವನ್ನೂ ಒಂದೇ ಭಾನುವಾರ ಮಾಡಿ ಮುಗಿಸುವ ಆತುರ ಕೂಡದು. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ, ಅದೇ ಪಂಪಿನಲ್ಲಿ ಟ್ಯಾಂಕನ್ನು ತುಂಬಿಸಿ ಬರೆದಿಡಬೇಕು. ಹಿಂದೆ ಸ್ಪಾರ್ಕ್ ಪ್ಲಗ್ಗಿನ ಬಣ್ಣವನ್ನು ನೋಡಿ ಮಿಶ್ರಣವನ್ನು ಊಹಿಸುತ್ತಿದ್ದರು. ಈಗ ಹೊಗೆಕೊಳವೆಗೆ ತಿರುಪಿನಿಂದ ಕೂರಿಸುವ ಆಮ್ಲಜನಕ ಸಂವೇದಕವು ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು ಅಂಕಿಯಲ್ಲಿಯೇ ತೋರಿಸುತ್ತದೆ. ಹಳೆಯ ಯಂತ್ರಕ್ಕೆ ಹೊಸ ಉಪಕರಣವನ್ನು ಹಾಕಿದರೆ ಮಡಿ ಕೆಡುತ್ತದೆನ್ನುವವರ ಮಾತನ್ನು ನಾವು ಒಪ್ಪೆವು. ಮೈಲಿ ಎಣಿಸುವ ಮೀಟರನ್ನೂ ನಂಬುವಂತಿಲ್ಲ. ಹಿಂದಿನ ಟೈರು ಮೂಲದ್ದಕ್ಕಿಂತ ದೊಡ್ಡದಾಗಿದ್ದರೆ ಅದು ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅಚ್ಚಿನ ಹಲ್ಲುಚಕ್ರವನ್ನು 3.90ರಿಂದ 3.08ಕ್ಕೆ ಬದಲಿಸಿ ಮೀಟರಿನ ಹಲ್ಲುಚಕ್ರವನ್ನು ಹಾಗೆಯೇ ಬಿಟ್ಟರೆ, ನೂರು ಮೈಲಿಯ ದಾರಿ 79 ಎಂದು ದಾಖಲಾಗುತ್ತದೆ. ಉಳಿತಾಯ ಮಾಡಿದವನು ನಷ್ಟವಾಯಿತೆಂದು ಹಣೆ ಚಚ್ಚಿಕೊಳ್ಳುತ್ತಾನೆ.

ತೆಳು ಮಿಶ್ರಣಕ್ಕೂ ಒಂದು ಎಲ್ಲೆಯಿದೆ. ಅಮೆರಿಕದಲ್ಲಿ ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ ಬಹುಪಾಲು ನೂರಕ್ಕೆ ಹತ್ತರಷ್ಟು ಎಥನಾಲ್ ಬೆರೆತಿರುತ್ತದೆ. ಅದಕ್ಕೆ ಬೇಕಾದ ಗಾಳಿ 14.7 ತೂಕವಲ್ಲ, ಸುಮಾರು 14.1. ಆದುದರಿಂದ ಹಿಂದಿನ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್ ಈಗ ತಾನಾಗಿಯೇ ನೂರಕ್ಕೆ ನಾಲ್ಕರಷ್ಟು ತೆಳುವಾಗಿದೆ. ಅದರ ಮೇಲೆ ಇನ್ನೂ ಕಿರಿದು ಮಾಡಿದರೆ ಕೆಲವು ಸಲ ಮಿಶ್ರಣ ಹತ್ತುವುದೇ ಇಲ್ಲ. ಉರಿಯದ ಪೆಟ್ರೋಲು ಹೊಗೆಯೊಡನೆ ಹೊರಬೀಳುತ್ತದೆ, ಮೈಲೇಜು ಮತ್ತೆ ಇಳಿಯುತ್ತದೆ. ಹೊಗೆಯ ವಿಷಯದಲ್ಲಿಯೂ ಯೋಚಿಸಬೇಕಾದುದುಂಟು. ಮಿಶ್ರಣ ತೆಳುವಾದಾಗ ಕಾರ್ಬನ್ ಮಾನಾಕ್ಸೈಡ್ ಬಹುವಾಗಿ ತಗ್ಗುತ್ತದೆ. ಇದು ದೊಡ್ಡ ಲಾಭ. ಆದರೆ ಉಳಿತಾಯಕ್ಕೆ ಒಳ್ಳೆಯದಾದ 16ರ ಸಮೀಪದಲ್ಲಿಯೇ ನೈಟ್ರೋಜನ್ ಆಕ್ಸೈಡುಗಳು ಅತಿ ಹೆಚ್ಚು ಹುಟ್ಟುತ್ತವೆ, ಕಿಡಿ ಮುಂದೆ ಬಂದಷ್ಟೂ ಅವು ಹೆಚ್ಚುತ್ತವೆ. ಅಮೆರಿಕದ ಕಾರುಗಳಿಗೆ ಹೊಗೆ ಶುದ್ಧಿಗೊಳಿಸುವ ವೇಗವರ್ಧಕ ಪೆಟ್ಟಿಗೆಗಳು ವ್ಯಾಪಕವಾಗಿ ಬಂದುದು 1975ರ ಮಾದರಿಗಳಿಂದ; ನಮ್ಮ ವೃಕೋದರನಿಗೆ ಅದಿಲ್ಲ. ಈ ಆಕ್ಸೈಡುಗಳೂ ಉರಿಯದ ಪೆಟ್ರೋಲಿನ ಆವಿಯೂ ಬಿಸಿಲಿನಲ್ಲಿ ಕೂಡಿದರೆ ಓಜೋನ್ ಹುಟ್ಟುತ್ತದೆ. ಲಾಸ್ ಏಂಜಲಿಸ್‌ನಂತೆ ಬೆಟ್ಟಗಳ ನಡುವೆ ಗಾಳಿ ನಿಲ್ಲುವ ಊರಿನಲ್ಲಿ ಇಂಥ ಕಾರನ್ನು ಇಟ್ಟುಕೊಂಡವರು ಬೇಸಗೆಯ ದಿನಗಳಲ್ಲಿ ಅದನ್ನು ಹೊತ್ತು ಮುಳುಗಿದ ಮೇಲೆ ಹೊರಡಿಸುವುದು ಲೇಸು.