ನೂರು ತುಂಬುವವರೆಗೂ ಗುಜರಿ

ಶೆಟ್ಟಿಹಳ್ಳಿಯ ನಮ್ಮ ಮನೆ ಟೆರೇಸಿನಲ್ಲಿ ಕೂತು ಫ್ರೆಂಡ್ ಒಬ್ಬ ಮೊಬೈಲ್ ತೋರಿಸಿದ. ಉತ್ತರ ಧ್ರುವದ ಹತ್ತಿರ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು. ಎರಡನೇ ಮಹಾಯುದ್ಧದ ಜರ್ಮನ್ ವಿಮಾನವೊಂದರ ಮುರುಕು ತುಂಡು. ಅದು ಯಾವ ವಿಮಾನ, ಒಳಗಿದ್ದವರು ಯಾರು ಅಂತ ಹುಡುಕುತ್ತಿರುವ ಜನ. "ನೋಡು ಮಗಾ, ಹಿಸ್ಟರಿ ಅಂದ್ರೆ ಇದು. ನಮ್ಮ ಏರಿಯಾದಲ್ಲಿ ಏನಿದೆ? ಅಪಾರ್ಟ್‌ಮೆಂಟು, ಟ್ಯಾಂಕರ್ ನೀರು" ಅಂದ.

ಅವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ಏನಿದೆ ಅಂತ ಹೇಳ್ತೀನಿ ಕೇಳಿ. ಪಕ್ಕದ ಜಾಲಹಳ್ಳಿಯಲ್ಲಿ ಯುದ್ಧಕಾಲದ ಸೈನಿಕ ಆಸ್ಪತ್ರೆ ಇತ್ತು, ಇಟಲಿಯ ಯುದ್ಧಕೈದಿಗಳಿದ್ದರು. ನಾವು ಬಾಯಿ ಬಿಟ್ಕೊಂಡು ಏರ್ ಶೋ ನೋಡುವ ಯಲಹಂಕದ ವಾಯುನೆಲೆ ಅದೇ ಯುದ್ಧದ ಕೂಸು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರು ಮಾಡಿದ ವಿಮಾನ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಅಂತ ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಆಫೀಸಿಗೆ ಹೋಗುವಾಗ ನೀವು ಮೂಗು ಮುಚ್ಚಿಕೊಳ್ಳುವ, ನೊರೆ ಉಕ್ಕಿ ಬೆಂಕಿ ಹತ್ತಿಕೊಂಡ ಅದೇ ಬೆಳ್ಳಂದೂರು ಕೆರೆ.

ಇನ್ನೊಂದು ಕಥೆಯಂತೂ ಸಿನಿಮಾ ಆಗಬೇಕಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳ ರಾಶಿ ಬಿದ್ದಿತ್ತು. ಅಮೆರಿಕ ಕೊಟ್ಟಿದ್ದ ವಿಮಾನಗಳವು. ಯಾರೂ ಮತ್ತೆ ಹಾರಿಸಬಾರದು ಅಂತಲೇ ಬೇಕಂತ ಜಜ್ಜಿ, ಒಡೆದು ಬಿಟ್ಟಿದ್ದರು. 1948ರಲ್ಲಿ ನಮ್ಮ ಎಚ್‌ಎಎಲ್‌ನವರು ಅಲ್ಲಿಗೆ ಹೋದರು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ರೆಡಿ ಮಾಡಿದರು. ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ 40ಕ್ಕೂ ಹೆಚ್ಚು ವಿಮಾನಗಳು ಭಾರತದ ವಾಯುಪಡೆ ಸೇರಿದವು, 1968ರವರೆಗೆ ಕೆಲಸ ಮಾಡಿದವು. ಆಮೇಲೆ ಬ್ರಿಟನ್, ಅಮೆರಿಕ, ಕೆನಡಾದ ಮ್ಯೂಸಿಯಂಗಳು ಬಂದು ಒಂದೊಂದನ್ನು ಒಯ್ದವು. ಗುಜರಿಯಿಂದ ಎತ್ತಿ ನಮ್ಮೂರವರು ಬದುಕಿಸಿದ್ದನ್ನು ಇವತ್ತು ನಮ್ಮ ಟೆಕ್ಕಿಗಳು ಲಂಡನ್ ಟ್ರಿಪ್ಪಿನಲ್ಲಿ ನೋಡಿ ಸೆಲ್ಫಿ ಹಾಕ್ತಾರೆ.

ಹಾಗಾದರೆ ಸ್ವಾಲ್ಬಾರ್ಡ್‌ಗೂ ನಮಗೂ ವ್ಯತ್ಯಾಸ ಏನು? ಅವರಿಗೆ ಇತಿಹಾಸದ ಮೇಲೆ ಪ್ರೀತಿ ಜಾಸ್ತಿ, ನಮಗೆ ಕಮ್ಮಿ ಅನ್ನೋದು ಸೋಮಾರಿ ಉತ್ತರ. ವ್ಯತ್ಯಾಸ ಇರೋದು ಕಾನೂನಿನ ಒಂದು ಸಾಲಿನಲ್ಲಿ. ಸ್ವಾಲ್ಬಾರ್ಡ್‌ನಲ್ಲಿ 1945 ಮತ್ತು ಅದಕ್ಕೂ ಹಿಂದಿನ ಮನುಷ್ಯರ ಗುರುತುಗಳೆಲ್ಲ ತಾವಾಗಿಯೇ ರಕ್ಷಿತ. ಯಾರೂ ಅರ್ಜಿ ಹಾಕಬೇಕಿಲ್ಲ. ಗಮನಿಸಿ, ಅವು ನಾರ್ವೆಯನ್ನು ಆಕ್ರಮಿಸಿದ್ದ ಶತ್ರುವಿನ ವಿಮಾನಗಳು. ಆದರೂ ತಗಡನ್ನು ಗುಜರಿಗೆ ಹಾಕಲಿಲ್ಲ. ನಮ್ಮ 1958ರ ಸ್ಮಾರಕ ಕಾನೂನು ಏನನ್ನುತ್ತದೆ? ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. 1972ರ ಪ್ರಾಚ್ಯವಸ್ತು ಕಾನೂನಿನಲ್ಲೂ ವಸ್ತುಗಳಿಗೆ ಅದೇ ನೂರು. 1942ರ ಒಂದು ಶೆಡ್ಡು ಸ್ಮಾರಕ ಅನಿಸಿಕೊಳ್ಳಬೇಕಾದರೆ 2042ರವರೆಗೆ ಕಾಯಬೇಕು. ಬೆಂಗಳೂರಿನಲ್ಲಿ ಒಂದು ಶೆಡ್ಡು ಅಲ್ಲಿಯವರೆಗೆ ಉಳಿಯುತ್ತಾ? ನೀವೇ ಹೇಳಿ.

"ಕುಡಿಯೋ ನೀರಿಗೇ ಗತಿಯಿಲ್ಲ, ಹಳೇ ತಗಡಿಗೆ ದುಡ್ಡಾ?" ಅಂತಾರೆ. ಏನೆಲ್ಲ ಉಳಿದಿದೆ ಅಂತ ಪಟ್ಟಿ ಮಾಡಲು ಎಷ್ಟು ದುಡ್ಡು ಬೇಕು ಸ್ವಾಮಿ? "ಅದು ಬ್ರಿಟಿಷರ ಯುದ್ಧ" ಅಂತಾರೆ. ವಿಮಾನ ಅವರದಿರಬಹುದು, ಸ್ಪ್ಯಾನರ್ ಹಿಡಿದ ಕೈ ನಮ್ಮದಲ್ವಾ? "ಡಿಫೆನ್ಸ್ ಜಾಗ, ಒಳಗೆ ಬಿಡಲ್ಲ" ಅಂತಾರೆ. ಬಿಡೋದು ಬೇಡ. ಅವರೇ ಫೋಟೋ ತೆಗೆದು, ಅಳತೆ ಬರೆದು, ಕೆಡವುವ ಮುಂಚೆ ದಾಖಲೆ ಇಡಲಿ ಅಷ್ಟೇ. ಇದು ನಮ್ಮ ದೇಶದಲ್ಲಿ ಆಗದ ಮಾತೂ ಅಲ್ಲ. ಹಿಮಾಲಯ ದಾಟುವಾಗ ಬಿದ್ದ ಅಮೆರಿಕನ್ ವಿಮಾನಗಳ ಅವಶೇಷ ಇಟ್ಟುಕೊಂಡು ಅರುಣಾಚಲದ ಪಾಸಿಘಾಟ್‌ನಲ್ಲಿ 2023ರಲ್ಲಿ ಮ್ಯೂಸಿಯಂ ತೆರೆದರು. ಅಷ್ಟು ದೂರದ ಸಣ್ಣ ಊರಿಗೆ ಆಗಿದ್ದು ಏರೋಸ್ಪೇಸ್ ರಾಜಧಾನಿ ಅಂತ ಬೀಗುವ ನಮಗೆ ಆಗಲ್ವಾ? ಎಚ್‌ಎಎಲ್‌ಗೆ ತನ್ನದೇ ಮ್ಯೂಸಿಯಂ ಇದೆ, ಒಳ್ಳೆಯದೇ. ಆದರೆ ಒಂದು ಕಂಪನಿಯ ಮ್ಯೂಸಿಯಂ ಇಡೀ ಊರಿನ ನೆನಪನ್ನು ಹೊರಲಾರದು.

ನನ್ನ ಸಿಟ್ಟು ಬರೀ ಸರ್ಕಾರದ ಮೇಲಲ್ಲ, ನಮ್ಮ ಮೇಲೂ. 1942ರಲ್ಲಿ ಇಪ್ಪತ್ತರ ಹುಡುಗರಾಗಿ ಕಾರ್ಖಾನೆ ಸೇರಿದವರು ಈಗ ಬದುಕಿದ್ದರೆ ನೂರು ದಾಟಿರಬೇಕು. ಅವರ ಕಥೆ ಕೇಳಿ ಬೆಳೆದ ಮಕ್ಕಳು ರಿಟೈರ್ ಆಗಿ ಮಲ್ಲೇಶ್ವರದಲ್ಲೋ ವಿಮಾನಪುರದಲ್ಲೋ ಇದ್ದಾರೆ. ಕಬ್ಬಿಣದ ಟ್ರಂಕಿನಲ್ಲಿ ಗೇಟ್ ಪಾಸು, ಗ್ರೂಪ್ ಫೋಟೋ ಇರುತ್ತೆ. ಮನೆ ಶಿಫ್ಟ್ ಮಾಡುವ ದಿನ ಅದೆಲ್ಲ ಗುಜರಿಯವನ ತಕ್ಕಡಿಗೆ ಹೋಗುತ್ತೆ, ಹಳೇ ಪೇಪರ್ ರೇಟಿಗೆ.

ಕಾನೂನಿನ ಆ ನೂರನ್ನು ಇಳಿಸಿ ಅಂತ ನಿಮ್ಮ ಎಂಪಿಗೆ ಬರೆಯಿರಿ. ಅದಕ್ಕೂ ಮುಂಚೆ, ಈ ಭಾನುವಾರ ಮನೆಯ ಹಿರಿಯರ ಮುಂದೆ ಕೂತು, ಫೋನಿನ ರೆಕಾರ್ಡರ್ ಆನ್ ಮಾಡಿ, "ತಾತ ಎಲ್ಲಿ ಕೆಲಸ ಮಾಡ್ತಿದ್ರು?" ಅಂತ ಕೇಳಿ. ಸ್ವಾಲ್ಬಾರ್ಡ್ ವಿಡಿಯೋ ಆಮೇಲೆ ನೋಡಿದ್ರಾಯ್ತು. ಅಲ್ಲಿನ ರೆಕ್ಕೆ ಎಲ್ಲೂ ಹೋಗಲ್ಲ.